ತವರಿಗೆ ಬಂದ ಕೊಕ್ಕರೆಗಳು

"ಗುರುಗಳೇ, ಕೆರೆ ಏರಿಯ ಜಾಲಿ ಮರಗಳನ್ನು ಸಂಕ್ರಾಂತಿಯವರೆಗೆ ಸೌದೆಗೆ ಕಡಿಯಬಹುದು, ಆಮೇಲೆ ಅವು ಹಕ್ಕಿಗಳಿಗೆ ಮೀಸಲು ಎಂಬುದು ಮಠದ ಕಟ್ಟಳೆ. ಹಬ್ಬಕ್ಕೆ ಇನ್ನೂ ತಿಂಗಳಿದೆ. ಆದರೆ ಹಕ್ಕಿಗಳು ಆಗಲೇ ಬಂದುಬಿಟ್ಟಿವೆ. ಓಡಿಸಿ ಕಡಿಯಬಹುದೇ?" ಕೊಡಲಿ ಹಿಡಿದೇ ಬಂದಿದ್ದ ಶಿಷ್ಯ ಕೇಳಿದ.

ಗುರುಗಳು ಅವನನ್ನು ಕೂರಿಸಿಕೊಂಡು ಕತೆ ಹೇಳಿದರು.

ಒಬ್ಬ ರೈತನಿದ್ದ. ಅವನ ಮನೆಯ ಮುಂದೆ ದೊಡ್ಡದೊಂದು ಹುಣಸೆ ಮರ. ಪ್ರತಿವರ್ಷ ಸಂಕ್ರಾಂತಿ ಕಳೆದ ಮೇಲೆ ದೂರದಿಂದ ಕೊಕ್ಕರೆಗಳು ಬಂದು ಅದರಲ್ಲಿ ಗೂಡು ಕಟ್ಟುತ್ತಿದ್ದವು. ಊರಿನವರು ಅವನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಎನ್ನುತ್ತಿದ್ದರು. ಹಣ್ಣನ್ನು ಅಷ್ಟರೊಳಗೆ ಬಡಿದು ಇಳಿಸಿಕೊಳ್ಳಬೇಕು. ಮೊದಲ ಕೊಕ್ಕರೆ ಕೂತಿತೆಂದರೆ ಮರಿಗಳು ಹಾರಿಹೋಗುವವರೆಗೆ ಯಾರೂ ಮರ ಮುಟ್ಟುವಂತಿಲ್ಲ.

ಒಂದು ವರ್ಷ ಕೊಂಬೆ ಬಗ್ಗುವಷ್ಟು ಫಸಲು ಬಂತು. ಚೊಚ್ಚಲ ಬಸುರಿ ಮಗಳೂ ಸಂಕ್ರಾಂತಿ ಆದ ಮೇಲೆ ಬಾಣಂತನಕ್ಕೆ ಬರುವವಳಿದ್ದಳು. ರೈತನ ಸಂಭ್ರಮ ಹೇಳತೀರದು. ಹೀಗಿರುವಾಗ, ಹಬ್ಬಕ್ಕೆ ಇನ್ನೂ ತಿಂಗಳಿರುವಾಗಲೇ, ಒಂದು ಬೆಳಿಗ್ಗೆ ಆಕಾಶದ ತುಂಬ ರೆಕ್ಕೆಯ ಸದ್ದು. ರೈತ ಅಂಗಳಕ್ಕೆ ಓಡಿದ. ಕೊಕ್ಕರೆಗಳು! ಅವನ ಎದೆ ಕುಣಿಯಿತು. ಮರುಗಳಿಗೆಯೇ ಮರದಲ್ಲಿದ್ದ ಹಸಿ ಕಾಯಿ ಕಣ್ಣಿಗೆ ಬಿತ್ತು.

"ಇವು ನಮ್ಮವಲ್ಲ. ನಮ್ಮವು ಸಂಕ್ರಾಂತಿ ಆಗದೆ ಬರಾಕಿಲ್ಲ" ಎಂದ.

"ಮೊದಲೆಲ್ಲ ಕೆರೆ ನೀರು ಯುಗಾದಿ ದಾಟ್ತಿತ್ತು. ಈಗ ಮಳೇನೂ ಹಿಂದುಮುಂದು, ಬಿಸಿಲೂ ಹಿಂದುಮುಂದು. ಶಿವರಾತ್ರಿಗೇ ತಳ ಕಾಣ್ತದೆ. ಮರಿಗೆ ಮೀನು ಬೇಡ್ವಾ? ಅದಕ್ಕೇ ಬೇಗ ಬಂದವೆ" ಎಂದಳು ಹೆಂಡತಿ.

ರೈತ ಕಿವಿಗೆ ಹಾಕಿಕೊಳ್ಳಲಿಲ್ಲ. ತಮಟೆ ತಂದು ಬಡಿದ. ಹಕ್ಕಿಗಳು ಎದ್ದವು, ಸುತ್ತಿದವು, ಮತ್ತೆ ಇಳಿಯಲು ನೋಡಿದವು. ಎರಡು ದಿನ ಇದೇ ಆಯಿತು. ಅವು ಬೇರೆ ಕಡೆ ಹೋಗಲಿಲ್ಲ, ಇವನು ತಮಟೆ ಬಿಡಲಿಲ್ಲ.

ಮೂರನೆಯ ದಿನ ಬಾಗಿಲಿಗೆ ಗಾಡಿಯೊಂದು ಬಂತು. ಒಳಗೆ ಮಗಳು! ಹೆರಿಗೆ ಬೇಗ ಆಗುವ ಹಾಗಿದೆಯೆಂದು ಗಂಡನ ಮನೆಯವರು ತಡಮಾಡದೆ ಕಳಿಸಿದ್ದರು. ರೈತನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ತಮಟೆಯನ್ನು ಅಲ್ಲೇ ಎಸೆದು "ಬಾ ಮಗಾ, ಬಾ ನನ್ನವ್ವ" ಎಂದು ಓಡಿಹೋಗಿ ಕೈಹಿಡಿದು ಇಳಿಸಿಕೊಂಡ.

ಹೆಂಡತಿ ತಮಟೆಯನ್ನು ಎತ್ತಿ ತಂದು ಅವನ ಮುಂದೆ ಹಿಡಿದಳು. "ಇವಳೂ ಸಂಕ್ರಾಂತಿ ಆದ್ಮೇಲೆ ತಾನೇ ಬರಬೇಕಾಗಿದ್ದೋಳು? ತಕ್ಕಳಿ, ಬಡೀರಿ."

ರೈತನಿಗೆ ನಾಚಿಕೆಯಾಯಿತು, ಹಿಂದೆಯೇ ನಗುವೂ ಬಂತು. ತಮಟೆ ಅಟ್ಟ ಸೇರಿತು. ಮಧ್ಯಾಹ್ನದೊಳಗೆ ಮರ ಬೆಳ್ಳಗಾಯಿತು. ಸಂಜೆಗೆ ಒಳಗಿನಿಂದ ಕೂಸಿನ ಅಳು ಕೇಳಿಸಿತು. ಯಾರನ್ನು ಮೊದಲು ನೋಡಲಿ ಎಂದು ತಿಳಿಯದೆ ರೈತ ಒಳಗೂ ಹೊರಗೂ ಓಡಾಡಿದ. ಫಸಲು ಹೋಯಿತು. ಆ ವರ್ಷ ಅವರ ಮನೆಯ ಸಾರಿಗೆ ಹುಣಸೆಹಣ್ಣು ನೆರೆಮನೆಯಿಂದ ಬಂತು.

ಗುರುಗಳು ಕತೆ ನಿಲ್ಲಿಸಿದರು.

"ಆದರೆ ಗುರುಗಳೇ, ಕಟ್ಟಳೆಯಲ್ಲಿ ಸಂಕ್ರಾಂತಿಯವರೆಗೆ ಎಂದೇ ಇದೆಯಲ್ಲ" ಎಂದ ಶಿಷ್ಯ.

ಅದಕ್ಕೆ ಗುರುಗಳು ಹೇಳಿದರು:

"ಏರಿಗೆ ಹೋಗಿ ನೋಡು, ಸಂಕ್ರಾಂತಿ ಆಗಲೇ ಬಂದು ಕೊಂಬೆಯ ಮೇಲೆ ಕೂತಿದೆ."