ಮೂರು ಮೈಕು, ಒಂದು ಗೋಡೆ

ನಮ್ಮದು ವೀಣೆಗೆ ಮೇಣ ಹಾಕಿ ಮೆಟ್ಟಿಲು ಕೂರಿಸುವ ಮನೆತನ. ಏಳು ತಲೆಮಾರಿನಿಂದ ಹಂಸಘಟ್ಟದ ಅರಮನೆಯ ಒಂದೊಂದು ವೀಣೆಯೂ ನಮ್ಮವರ ಕೈಯಲ್ಲೇ ಸ್ವರ ಕಂಡಿದೆ. ನಮ್ಮಲ್ಲಿ ಯಾರೂ ಮೇಣಕ್ಕೆ ಕಲಬೆರಕೆ ಮಾಡಿದವರಲ್ಲ, ಮಾಡದ ತಪ್ಪಿಗೆ ತಲೆ ತಗ್ಗಿಸಿದವರೂ ಅಲ್ಲ. ನಮ್ಮ ಬೀರುವಿನಲ್ಲಿ ಒಂದು ಧ್ವನಿಮುದ್ರಿಕೆಯಿದೆ. ಅದರಲ್ಲಿ ಸಂಗೀತವಿಲ್ಲ, ಒಬ್ಬ ದೊರೆ ಆಡಿದ ಒಂದೇ ಒಂದು ವಾಕ್ಯವಿದೆ. ಅದು ನಮ್ಮ ಮನೆಗೆ ಬಂದ ಬಗೆಯನ್ನು ಹೆಚ್ಚು ಕಡಿಮೆ ಮಾಡದೆ ಹೇಳುತ್ತೇನೆ.

ಹಂಸಘಟ್ಟದ ದೊರೆ ಬೊಮ್ಮರಸ ಡಂಗುರ ಹೊಡೆಸಿದ: "ರಾಜಕುಮಾರಿ ಹೊನ್ನಾಜಮ್ಮಣ್ಣಿಯವರ ವೀಣೆಯನ್ನು ಮುದ್ರಿಸಲು ಹಡಗಿನಲ್ಲಿ ಮೂರು ಮೈಕು ಬಂದಿವೆ. ಮೂರಕ್ಕೂ ರಾಜಕುಮಾರಿಯವರು ಒಂದೊಂದು ಒಗಟು ಹಾಕುತ್ತಾರೆ. ಬಿಡಿಸಿದವನಿಗೆ ಕೇಳಿದ್ದನ್ನು ಕೊಡಲಾಗುವುದು. ತಪ್ಪಿದವನಿಗೆ ತಲೆದಂಡ."

ಇದಕ್ಕೆ ಕಾರಣ ಹಿಂದಿನ ವಾರದ ಮುದ್ರಣ. ಧ್ವನಿಯಧಿಕಾರಿ ವೀರರಾಜ ಮುದ್ರಿಸಿದ ವೀಣೆ ಕೊಳವೆಯೊಳಗೆ ನುಡಿಸಿದಂತೆ ಕೇಳಿತು. "ಮೇಣ ಕಲಬೆರಕೆ, ಮೆಟ್ಟಿಲು ಸಡಿಲ" ಎಂದು ಆತ ಬರೆದುಕೊಟ್ಟ. ದೊರೆ ವಿಚಾರಿಸಲಿಲ್ಲ. ತುಂಬಿದ ಸಭೆಯಲ್ಲಿ ನಮ್ಮ ಹಿರಿಯರಾದ ಮುದ್ದುವೀರಯ್ಯನವರನ್ನು ಕಳ್ಳ ಎಂದು ಕರೆದು, ಅವರ ಮೇಣದ ಬಟ್ಟಲನ್ನು ಕಿತ್ತುಕೊಂಡ. ರಾಜಕುಮಾರಿ ಮಾತ್ರ ಆ ಬರಹವನ್ನು ನಂಬಲಿಲ್ಲ.

ಗೊತ್ತುಪಡಿಸಿದ ದಿನ ಅವಳ ಸಂಗೀತದ ಕೋಣೆಯಲ್ಲಿ ಸಭೆ ಸೇರಿತು. ಮೂರು ಮೈಕುಗಳನ್ನು ಸಾಲಾಗಿ ನಿಲ್ಲಿಸಿದ್ದರು.

"ಒಂದಕ್ಕೆ ಮೈಯೆಲ್ಲ ಕಿವಿ," ಎಂದಳು ರಾಜಕುಮಾರಿ. "ನನ್ನ ವೀಣೆಯನ್ನೂ ಕೇಳುತ್ತದೆ, ನನ್ನ ಬೆನ್ನ ಹಿಂದೆ ಆಕಳಿಸಿದವರನ್ನೂ ಕೇಳುತ್ತದೆ. ಅದು ಯಾವುದು, ಯಾವಾಗ ಬೇಕು? ಇನ್ನೊಂದು ಎದುರಿಗಿದ್ದವರಿಗೆ ಮಾತ್ರ ಕಿವಿಗೊಡುತ್ತದೆ. ತೀರ ಹತ್ತಿರ ಹೋದರೆ ಬಡಕಲು ದನಿಗೂ ಬೊಜ್ಜು ಬರಿಸುತ್ತದೆ. ಅದು ಯಾವುದು, ಎಷ್ಟು ದೂರ ಕೂರಬೇಕು? ಮೂರನೆಯದಕ್ಕೆ ಮುಂದೊಂದು ಕಿವಿ, ಹಿಂದೊಂದು ಕಿವಿ, ಅಕ್ಕಪಕ್ಕ ಕಿವುಡು. ಹೋದ ವಾರ ಅದರ ಮುಂದೆ ನಾನು ನುಡಿಸುವಾಗ ಮತ್ತೊಬ್ಬರೂ ದನಿಗೂಡಿಸಿದರು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ದನಿಗೂಡಿಸಿದವರು ಯಾರು?"

ನೆರೆರಾಜ್ಯದ ಯುವರಾಜ ನಕ್ಕ. "ಮೈಯೆಲ್ಲ ಕಿವಿ ಎಂದರೆ ಹೊಸದಾಗಿ ಬಂದ ಸೊಸೆ. ಮೈಕಿನಲ್ಲಾದರೆ, ಚಿನ್ನದ ಮುಲಾಮು ಹಾಕಿದ್ದು." ಅವನನ್ನು ಕಾವಲಿನವರು ಕರೆದೊಯ್ದರು. ಅವನ ತಲೆ ಏನಾಯಿತೆಂದು ನಮ್ಮ ಮನೆಯಲ್ಲಿ ಹೇಳುವ ವಾಡಿಕೆಯಿಲ್ಲ.

ವೀರರಾಜ ಮೈಕಿನ ಜೊತೆ ಬಂದ ಪುಸ್ತಕ ಓದಿಕೊಂಡಿದ್ದ. ಎರಡು ಒಗಟು ದಾಟಿದ. ಮೂರನೆಯದಕ್ಕೆ, "ದನಿಗೂಡಿಸಿದ್ದು ಸಡಿಲ ಮೆಟ್ಟಿಲು, ತಾಯಿ. ನಾನು ಆಗಲೇ ಬರೆದುಕೊಟ್ಟಿದ್ದೇನೆ," ಎಂದ.

"ಅಲ್ಲ," ಎಂದಳು ರಾಜಕುಮಾರಿ. "ಮೆಟ್ಟಿಲುಗಳನ್ನು ಒಂದೊಂದಾಗಿ ಅಲ್ಲಾಡಿಸಿ ನೋಡಿದ್ದೇನೆ. ಯಾವುದೂ ಕದಲಲಿಲ್ಲ."

ಕಾವಲಿನವರು ಅವನ ತೋಳು ಹಿಡಿದರು. ಆಗ ಬಾಗಿಲ ಬಳಿಯಿಂದ ಮುದ್ದುವೀರಯ್ಯನವರ ಮಗ ಕೆಂಚಣ್ಣ ಎದ್ದು ಬಂದ.

"ಮೇಣ ತಿಕ್ಕುವ ಕೈ ಮೈಕು ಮುಟ್ಟುತ್ತದೋ?" ಎಂದ ವೀರರಾಜ.

"ಮುಟ್ಟುವುದಿಲ್ಲ ಸ್ವಾಮಿ, ಕೇಳುತ್ತೇನೆ. ನೀವೂ ಒಮ್ಮೆ ಕೇಳಿದ್ದರೆ ಆಗುತ್ತಿತ್ತು. ತಾಯಿ, ಕೇಳದೆ ಹೇಳುವುದು ನಮ್ಮ ಮನೆಯ ರೂಢಿಯಲ್ಲ. ಮೈಕು ಕೇಳಿದ್ದನ್ನು ಕಿವಿಗೆ ತಲುಪಿಸುವ ಆ ತಂತಿಯನ್ನು ನನಗೆ ಕೊಡಿಸಿ."

ತಂತಿ ಕಿವಿಗಿಟ್ಟುಕೊಂಡು, ಚಿಟಿಕೆ ಹೊಡೆಯುತ್ತ ಒಂದೊಂದು ಮೈಕಿಗೂ ಪ್ರದಕ್ಷಿಣೆ ಬಂದ. ರಾಜಕುಮಾರಿ ಮೂರರ ಮುಂದೆಯೂ ಅದೇ ಸರಳೆವರಸೆ ನುಡಿಸಿದಳು.

"ಈ ಸಣ್ಣದಕ್ಕೆ ಮೈಯೆಲ್ಲ ಕಿವಿ. ಕೋಣೆ ಚೆನ್ನಾಗಿದ್ದು ಜನ ಸುಮ್ಮನಿದ್ದರೆ ಇದೇ ಬೇಕು. ವೀಣೆಯ ಜೊತೆ ಕೋಣೆಯೂ ಹಾಡುತ್ತದೆ. ಚಿನ್ನದ್ದು ಎದುರಿನವರ ಮಾತನ್ನಷ್ಟೇ ಕೇಳುತ್ತದೆ. ಮೂಗಿನ ಹತ್ತಿರ ಇಟ್ಟರೆ ಮಂದ್ರ ಉಬ್ಬಿ ಗುಂಯ್ ಎನ್ನುತ್ತದೆ. ಒಂದು ಮೊಳ ದೂರ ಇರಲಿ."

ಮೂರನೆಯದರ ಬಳಿ ನಿಂತು ಕೇಳಿದ: "ಹೋದ ವಾರ ಇದು ಎಲ್ಲಿತ್ತು?"

ರಾಜಕುಮಾರಿ ತೋರಿಸಿದಳು. ಹಿಂದಿನ ಕಲ್ಲುಗೋಡೆಗೂ ಅದಕ್ಕೂ ಒಂದು ಗೇಣು.

"ಗೋಡೆಗೆ ಕಿವಿ ಇದೆ ಎನ್ನುತ್ತಾರೆ. ಇಲ್ಲಿ ಗೋಡೆಗೆ ಬಾಯಿ ಬಂದಿದೆ. ಮುಂದಿನ ಕಿವಿ ನಿಮ್ಮನ್ನು ಕೇಳಿತು, ಹಿಂದಿನ ಕಿವಿ ಗೋಡೆ ತಿರುಗಿಸಿ ಹೇಳಿದ್ದನ್ನು ಕೇಳಿತು. ನಮ್ಮಪ್ಪ ಕಲ್ಲುಗೋಡೆಗೆ ಕಂಬಳಿ ಹಾಕದೆ ಮೇಣ ಕರಗಿಸುವುದಿಲ್ಲ. ಹಾಕದಿದ್ದರೆ ಮೆಟ್ಟಿಲು ಗೋಡೆಯ ಸ್ವರಕ್ಕೆ ಕೂರುತ್ತದೆ."

ಮೈಕನ್ನು ಅದೇ ಜಾಗದಲ್ಲಿ ನಿಲ್ಲಿಸಿ ಗೋಡೆಗೆ ಕಂಬಳಿ ತೂಗುಹಾಕಿದರು. ಅದೇ ವೀಣೆ, ಅದೇ ಮೇಣ. ಮುದ್ರಿಸಿ ಕೇಳಿದಾಗ ಒಂದೊಂದು ಮೀಟೂ ನೀರಿನಲ್ಲಿ ತೊಳೆದಂತೆ ಬಂತು. ರಾಜಕುಮಾರಿ ಎದ್ದು ಹೋಗಿ, ಮೇಣದ ಬಟ್ಟಲನ್ನು ತಂದು ಕೆಂಚಣ್ಣನ ಕೈಗಿಟ್ಟಳು.

ದೊರೆ ಗಂಟಲು ಸರಿಮಾಡಿಕೊಂಡ. "ಬಟ್ಟಲು ನಿನ್ನದೇ, ಅದು ಬಹುಮಾನವಲ್ಲ. ಆನೆ ಕೇಳು, ಊರು ಕೇಳು. ಅರ್ಧ ರಾಜ್ಯ ಬೇಕಿದ್ದರೂ ಕೇಳು."

"ಮುದ್ರಿಸುವ ಯಂತ್ರ ಓಡುತ್ತಿದೆಯೇ, ತಾಯಿ?"

"ಓಡುತ್ತಿದೆ," ಎಂದಳು ರಾಜಕುಮಾರಿ.

ಕೆಂಚಣ್ಣ ಚಿನ್ನದ ಮೈಕನ್ನು ಎತ್ತಿ ತಂದು ದೊರೆಯ ಎದುರಿಗಿಟ್ಟ. ಮೊಳ ಹಾಕಿ ಅಳೆದ.

"ನಮ್ಮಪ್ಪ ಬಾಗಿಲ ಬಳಿ ಕೂತಿದ್ದಾರೆ. ಅವರನ್ನು ಕಳ್ಳ ಎಂದದ್ದು ತುಂಬಿದ ಸಭೆಯಲ್ಲಿ, ಇಂದೂ ಸಭೆ ತುಂಬಿದೆ. ಈ ಮೈಕಿಗೆ ಎದುರಿನವರ ದನಿ ಮಾತ್ರ ಸಾಕು, ಮಂತ್ರಿಗಳು ಪಿಸುಗುಟ್ಟುವುದು ಬೇಡ. ನಮ್ಮಪ್ಪನ ಹೆಸರು ಹೇಳಿ, ಸ್ಪಷ್ಟವಾಗಿ ಕ್ಷಮೆ ಕೇಳಿ."