ಉಳ್ಳಾಗಡ್ಡಿಯವರ ಪಟ್ಟ

ಎತ್ತಿನ ಮೇಲೆ ಊರೂರು ತಿರುಗಿ, ಮನೆತನಗಳ ವಂಶಾವಳಿ ಹಾಡಿ ಹೊಟ್ಟೆ ಹೊರೆಯುವ ಹೆಳವನೊಬ್ಬ ಉಳ್ಳಾಗಡ್ಡಿ ಸಾಹುಕಾರರ ಮನೆಗೆ ಬಂದ. ಪಡಸಾಲೆಯಲ್ಲಿ ಹೊಸ ಬೀಗರು ಕೂತಿದ್ದರು. ಸಾಹುಕಾರರು ಅವನನ್ನು ಬದಿಗೆ ಎಳೆದರು.

"ನಮ್ಮ ಮೂಲಪುರುಷ ಗಾಡಿಯಾಗ ಉಳ್ಳಾಗಡ್ಡಿ ಮಾರ್ತಿದ್ದ ಅಂತ ಹಾಡಿದ್ಯೋ, ಈ ಊರಾಗ ಮತ್ತ ಕಾಲಿಡಾಂಗಿಲ್ಲ. ದಂಡನಾಯಕ ಅನ್ನು."

ಊರು ತಪ್ಪಿದರೆ ಹೆಳವನಿಗೆ ವರ್ಷದ ಜೋಳವೂ ತಪ್ಪಿದಂತೆ. ಸಾಹುಕಾರರು ಹೋಗಿ ಗಾದಿ ಮೇಲೆ ಕೂತರು; ಅವನು ಗಂಟಲು ಬಿಚ್ಚಿದ. ದಂಡನಾಯಕ ಕುದುರೆ ಏರಿದ, ಕೋಟೆ ಗೆದ್ದ, ರಾಜನಿಂದ ಪಟ್ಟ ಪಡೆದ.

"ಮತ್ತ ಉಳ್ಳಾಗಡ್ಡಿ ಅನ್ನೋ ಅಡ್ಡಹೆಸರು?" ಬೀಗರು ಕೇಳಿದರು.

"ವೈರಿಗಳ ಕಣ್ಣಾಗ ನೀರು ತರಿಸಿದ್ದಕ್ಕರಿ!"

ಸಾಹುಕಾರರ ಮೀಸೆ ಕುಣಿಯಿತು.

"ಪಟ್ಟ ಹಿರೇಮಗನ ಪಾಲಿಗೆ ಹೋತು," ಎನ್ನುತ್ತ ಹೆಳವ, ಚಹಾ ಹಂಚುತ್ತಿದ್ದ ಆಳು ದುಂಡಪ್ಪನಿಗೆ ಕೈಮುಗಿದ. ದುಂಡಪ್ಪನೂ ಉಳ್ಳಾಗಡ್ಡಿ ಮನೆತನದವನೇ. "ಹಿರೇಮಗನ ಕುಡಿ ನೀವು. ಗಾದಿ ಮ್ಯಾಲ ಬರ್ರಿ. ಸಾಹುಕಾರ್ರು ಕಿರೇಮಗನ ಕುಡಿ, ಏಳ್ತಾರ."

ದುಂಡಪ್ಪ ತಟ್ಟೆ ಇಳಿಸಿ ಅಂಗಿ ಸರಿಮಾಡಿಕೊಂಡ. ಬೀಗರೂ ಅವನಿಗೆ ಕೈಮುಗಿದರು.

"ಏ, ಸುಳ್ಳು! ನಮ್ಮಾಂವ ಉಳ್ಳಾಗಡ್ಡಿ ಮಾರಾಂವ!" ಸಾಹುಕಾರರು ಗಾದಿಯನ್ನು ಗಟ್ಟಿಯಾಗಿ ಹಿಡಿದು ಕಿರುಚಿದರು.

"ಹಂಗಾರ ಕುಂದರ್ರಿ ಧಣೇರ," ಎಂದ ಹೆಳವ. "ಉಳ್ಳಾಗಡ್ಡಿ ಗಾಡಿಗೆ ಪಟ್ಟ ಇರೂದಿಲ್ಲ."