ದೊಡ್ಡೀರ ಮತ್ತು ಕರಿಬಂಡೆಯ ಎರಡನೇ ಕಾಳಗ

ಬಿದಿರೆಲ್ಲ ಹೂಬಿಟ್ಟು ಒಣಗಿಹೋಗಿದ್ದ ಒಂದು ಕಾಡಿನಲ್ಲಿ ಎರಡು ದೊಡ್ಡ ಕಾಡುಕೋಣಗಳಿದ್ದವು. ಒಬ್ಬನ ಹೆಸರು ದೊಡ್ಡೀರ. ಇನ್ನೊಬ್ಬನ ಹೆಸರು ಕರಿಬಂಡೆ. ಆನೆಯನ್ನು ಬಿಟ್ಟರೆ ಅವರಷ್ಟು ತೂಕದ ಪ್ರಾಣಿ ಆ ಕಾಡಿನಲ್ಲಿ ಇರಲಿಲ್ಲ. ಅವರು ನಡೆದರೆ ನೆಲ ಧಿಮ್ಮೆನ್ನುತ್ತಿತ್ತು.

ಹಿಂದಿನ ವರ್ಷ ಇಬ್ಬರಿಗೂ ಒಮ್ಮೆ ಕಾಳಗವಾಗಿತ್ತು. ಹಿಂಡಿಗೆ ಯಜಮಾನ ಯಾರು ಎಂಬ ಜಗಳ. ಕೆರೆಯ ಪಕ್ಕದ ಬಯಲಿನಲ್ಲಿ ಬಿಸಿಲೇರುವ ತನಕ ಕಾದಾಡಿದರು. ಕೊನೆಗೆ ದೊಡ್ಡೀರನ ಕಾಲು ಕೆಸರಿನಲ್ಲಿ ಜಾರಿತು. ಕರಿಬಂಡೆ ಅವನನ್ನು ಮಗ್ಗುಲಿಗೆ ಕೆಡವಿದ. ದೊಡ್ಡೀರನ ಬಲಗೊಂಬಿನ ತುದಿ ಮುರಿಯಿತು. ಅವನು ಎದ್ದು, ತಲೆ ತಗ್ಗಿಸಿಕೊಂಡು ಹಳ್ಳ ದಾಟಿ ಆಚೆ ದಡಕ್ಕೆ ಹೋದ. ಅವನ ಹೆಂಡತಿ ಕೆಂಚವ್ವ ಹಿಂದೆಯೇ ಹೋದಳು. ಕೆಲವು ಹಸುಗಳು, ಕರುಗಳು ಅವಳ ಹಿಂದೆ ಹೋದವು. ಅಲ್ಲಿಗೆ ಜಗಳ ಮುಗಿಯಿತು.

ಅದರಿಂದ ಕಾಡಿಗೆ ಒಳ್ಳೆಯದೇ ಆಯಿತು. ಈಚೆ ದಡವನ್ನು ಕರಿಬಂಡೆ ಕಾದ. ಆಚೆ ದಡವನ್ನು ದೊಡ್ಡೀರ ಕಾದ. ಗುಡ್ಡದ ಮೇಲಿನ ಸೀಳುನಾಯಿಗಳು ಯಾವ ಕಡೆಯೂ ಇಳಿಯುವ ಧೈರ್ಯ ಮಾಡಲಿಲ್ಲ. ಆ ವರ್ಷ ಹುಟ್ಟಿದ ಕರುಗಳೆಲ್ಲ ಉಳಿದವು.

ಕಷ್ಟವಾದದ್ದು ಗೂನ ಎಂಬ ಕತ್ತೆಕಿರುಬನಿಗೆ. ಅವನು ಸತ್ತ ಪ್ರಾಣಿಗಳನ್ನು ತಿಂದು ಬದುಕುವವನು. ಯಾರೂ ಸಾಯದಿದ್ದರೆ ಅವನು ಏನು ತಿನ್ನಬೇಕು? ಅವನ ಹೊಟ್ಟೆ ಬೆನ್ನಿಗೆ ಅಂಟಿತ್ತು. ‘ಈ ಇಬ್ಬರಲ್ಲಿ ಒಬ್ಬ ಬಿದ್ದರೂ ಸಾಕು, ಮಳೆ ಬರುವ ತನಕ ನನಗೆ ಊಟದ ಚಿಂತೆಯಿಲ್ಲ’ ಎಂದುಕೊಂಡ.

ಒಂದು ಮಧ್ಯಾಹ್ನ ಅವನು ಹೊನ್ನೆ ಮರದ ಕೆಳಗೆ ಮಲಗಿದ್ದ ದೊಡ್ಡೀರನ ಬಳಿ ಬಂದ.

“ದೊಡ್ಡೀರಣ್ಣ, ಆವತ್ತು ನಾನು ಪೊದೆಯ ಹಿಂದೆ ಇದ್ದೆ. ಎಲ್ಲ ನೋಡಿದೆ. ನೀನು ಸೋತದ್ದು ಕರಿಬಂಡೆಗಲ್ಲ, ಕೆಸರಿಗೆ” ಎಂದ.

ದೊಡ್ಡೀರ ಮೆಲುಕು ಹಾಕುವುದನ್ನು ನಿಲ್ಲಿಸಿದ. “ಮುಗಿದುಹೋದ ಮಾತು ಗೂನ. ಬಿಡು.”

“ಬಿಟ್ಟೆ ಅಣ್ಣ. ಸುಮ್ಮನೆ ಕಣ್ಣ ಮುಂದೆ ಬಂತು, ಅದಕ್ಕೆ ಹೇಳಿದೆ. ಒಣ ನೆಲದಲ್ಲಿ ನೀವಿಬ್ಬರೂ ಇನ್ನೊಂದು ಸಲ ನಿಂತರೆ ಹೇಗಿರುತ್ತದೆ ಅಂತ...”

ದೊಡ್ಡೀರ ಕತ್ತನ್ನು ಅವನತ್ತ ತಿರುಗಿಸಿದ. ಆಮೇಲೆ ಕೇಳಿದ, “ಹೇಗಿರುತ್ತದೆ?”

ಗೂನನಿಗೆ ಅಷ್ಟೇ ಬೇಕಾಗಿತ್ತು.

“ಅವನು ಯಾವಾಗಲೂ ಎಡಗಡೆಯಿಂದಲೇ ನುಗ್ಗುತ್ತಾನೆ. ಅದು ಈಗ ನಿನಗೆ ಗೊತ್ತು. ನೀನು ಅಲ್ಲಾಡದೆ ನಿಂತಿರುತ್ತೀಯ. ಅವನು ಮೈಮೇಲೆ ಬಂದ ಅನ್ನುವಾಗ ಒಂದೇ ಒಂದು ಹೆಜ್ಜೆ ಪಕ್ಕಕ್ಕೆ! ಅವನ ತೂಕವೇ ಅವನನ್ನು ಎಳೆದುಕೊಂಡು ಹೋಗುತ್ತದೆ. ಅವನ ಪಕ್ಕೆ ನಿನ್ನೆದುರಿಗೆ. ಒಂದು ಗುದ್ದು. ಕರಿಬಂಡೆ ಮೊಣಕಾಲೂರುತ್ತಾನೆ. ಕಾಡೆಲ್ಲ ‘ದೊಡ್ಡೀರ, ದೊಡ್ಡೀರ’ ಅಂತ ಕೂಗುತ್ತದೆ.”

ದೊಡ್ಡೀರನ ಕಣ್ಣು ಹೊಳೆಯಿತು. ಗೂನ ಮತ್ತೇನೂ ಹೇಳದೆ ಹೊರಟುಹೋದ.

ಮರುದಿನ ಅವನು ಕರಿಬಂಡೆಯ ಬಳಿಗೆ ಹೋದ. “ಧಣಿ, ಹೇಳಬಾರದು. ಆದರೂ ಕೇಳಿಸಿಕೊಂಡು ಸುಮ್ಮನಿರಲಾರೆ. ನೀವು ಗೆದ್ದದ್ದು ಕೆಸರಿನ ದಯೆ ಅಂತ ಆಚೆ ದಡದಲ್ಲಿ ಆಡಿಕೊಳ್ಳುತ್ತಾರೆ.”

“ಯಾರು?”

“ಯಾರು ಅಂತ ಹೇಳಲಿ ಧಣಿ! ಆದರೆ ಇನ್ನೊಂದು ಕಾಳಗವಾದರೆ ಅವರ ಬಾಯಿ ಮುಚ್ಚುತ್ತದೆ. ಅವನ ಬಲಗೊಂಬು ಮೊಂಡು. ಆ ಕಡೆಯಿಂದ ನೀವು ನುಗ್ಗಿದರೆ ಅವನಿಗೆ ತಡೆಯಲಾಗುವುದಿಲ್ಲ. ನಿಮ್ಮ ಮೈಗೆ ದೂಳೂ ಹತ್ತುವುದಿಲ್ಲ.”

ಕರಿಬಂಡೆಗೆ ಕಾಳಗ ಬೇಕಿರಲಿಲ್ಲ. ಆದರೆ ‘ಕೆಸರಿನ ದಯೆ’ ಎಂಬ ಮಾತು ಅವನ ಕಿವಿಯಿಂದ ಹೋಗಲಿಲ್ಲ.

ಗೂನ ಅಲ್ಲಿಗೇ ನಿಲ್ಲಿಸಲಿಲ್ಲ. ಸಂಜೆ ಪ್ರಾಣಿಗಳೆಲ್ಲ ನೀರಿಗೆ ಬಂದಾಗ ಇನ್ನೂ ನಡೆಯದ ಆ ಕಾಳಗವನ್ನು ರಸವತ್ತಾಗಿ ಹೇಳತೊಡಗಿದ. ಒಂದು ಸಂಜೆ ದೊಡ್ಡೀರ ಗೆಲ್ಲುತ್ತಿದ್ದ. ಇನ್ನೊಂದು ಸಂಜೆ ಕರಿಬಂಡೆ. ಮುಸಿಯ ಕೋತಿಗಳು ಕೊಂಬೆ ಅಲ್ಲಾಡಿಸಿ ಕೇಕೆ ಹಾಕಿದವು. ಯಾರ ಮೇಲೂ ಕೊಂಬೆತ್ತದ ಜಿಂಕೆಗಳು “ರಕ್ತ ಬಂತಾ? ಆಮೇಲೆ?” ಎಂದು ಕೇಳಿದವು. ಕೊನೆಗೆ ಬರೀ ಕಥೆ ಅವರಿಗೆ ಸಾಲಲಿಲ್ಲ. ದೊಡ್ಡೀರ ನೀರಿಗೆ ಬಂದರೆ “ಯಾವಾಗ ಅಣ್ಣ?” ಎನ್ನುವರು. ಕರಿಬಂಡೆ ಬಂದರೆ “ಹೆದರಿಕೆಯಾ ಧಣಿ?” ಎನ್ನುವರು.

ದೊಡ್ಡೀರ ಮೇಯುವುದನ್ನು ಬಿಟ್ಟ. ಹುತ್ತಗಳಿಗೆ ಗುದ್ದಿ ಗುದ್ದಿ ಕೊಂಬು ಮಸೆದ.

ಕೆಂಚವ್ವ ಹತ್ತಿರ ಬಂದು ನಿಂತಳು. “ಮುಂಗಾಲು ಬೆಳಗಿನ ಹೊತ್ತು ಸೆಟೆದುಕೊಳ್ಳುತ್ತದೆ ನಿಮಗೆ. ನನಗೂ ಗೊತ್ತು, ನಿಮಗೂ ಗೊತ್ತು. ಗೂನನ ಕಥೆಯಲ್ಲಿ ಆ ಕಾಲು ಇದೆಯಾ?”

“ಒಂದೇ ಒಂದು ಸಲ ಕೆಂಚವ್ವ. ಈ ಮುರಿದ ಕೊಂಬು ಹೊತ್ತುಕೊಂಡು ನಾನು ಸಾಯಲಾರೆ.”

“ಅದೇ ಕೊಂಬಿನ ನೆರಳಲ್ಲಿ ನಾವೆಲ್ಲ ಬದುಕಿದ್ದೇವಲ್ಲ” ಎಂದಳು ಕೆಂಚವ್ವ.

ಮರುದಿನವೇ ದೊಡ್ಡೀರ ಹಳ್ಳ ದಾಟಿ ಹೋಗಿ ಕರಿಬಂಡೆಯನ್ನು ಕಾಳಗಕ್ಕೆ ಕರೆದ; ಹೆದರಿದ ಅನ್ನಿಸಿಕೊಳ್ಳಬಾರದೆಂದು ಅವನೂ ಒಪ್ಪಿದ.

ಕಾಳಗದ ದಿನ ಬೆಳಿಗ್ಗೆ ಬಯಲಿನ ಸುತ್ತ ಕಾಡಿಗೆ ಕಾಡೇ ಸೇರಿತು. ಮರಗಳ ಮೇಲೆ ಕೂರಲು ಜಾಗವಿರಲಿಲ್ಲ. ಕೋಣಗಳೆರಡೂ ಎದುರುಬದುರು ನಿಂತವು. ಕರಿಬಂಡೆ ನುಗ್ಗಿದ್ದು ಎಡದಿಂದಲೂ ಅಲ್ಲ, ಬಲದಿಂದಲೂ ಅಲ್ಲ. ನೇರವಾಗಿ ಬಂದ. ದೊಡ್ಡೀರ ಪಕ್ಕಕ್ಕೆ ಸರಿಯಲೂ ಇಲ್ಲ. ಮುಂಗಾಲು ಸೆಟೆದಿತ್ತು, ಸರಿಯಲಾಗಲಿಲ್ಲ. ಹಣೆಗೆ ಹಣೆ ಡಿಕ್ಕಿ ಹೊಡೆಯಿತು. ಕೊಂಬಿಗೆ ಕೊಂಬು ಸಿಕ್ಕಿಕೊಂಡಿತು.

ಆಮೇಲೆ ಬರೀ ತಳ್ಳಾಟ. ಇಬ್ಬರಿಗೂ ಒಂದು ವರ್ಷ ಹೆಚ್ಚಾಗಿತ್ತು. ಇಬ್ಬರ ನಾಲಿಗೆಯೂ ಹೊರಬಂತು. ಬಾಯಿಂದ ನೊರೆ ಸುರಿಯಿತು. ಗೂನ ಹೇಳಿದ ಕಾಳಗಗಳಲ್ಲಿ ಯಾರಿಗೂ ದಣಿವಾಗುತ್ತಿರಲಿಲ್ಲ.

“ಬೇಕಿತ್ತಾ ಇದು ನಿನಗೆ?” ಕರಿಬಂಡೆ ಏದುಸಿರಿನಲ್ಲೇ ಮೆಲ್ಲಗೆ ಕೇಳಿದ.

“ನಿನಗೆ?”

“ನನಗೆ ಬೇಕಿರಲಿಲ್ಲ.”

“ಹಾಗಾದರೆ ಹಿಂದೆ ಸರಿ” ಎಂದ ದೊಡ್ಡೀರ.

“ನೀನು ಸರಿ ಮೊದಲು. ನಾನು ಸರಿದರೆ ನಗುತ್ತಾರೆ.”

“ನನ್ನನ್ನು ನೋಡಿ ಆಗಲೇ ಒಂದು ಸಲ ನಕ್ಕಿದ್ದಾರೆ” ಎಂದ ದೊಡ್ಡೀರ.

ಮರದ ಮೇಲಿಂದ ಮುಸಿಯಗಳು ಕೂಗಿದವು, “ಏನು ಪಿಸುಗುಡುತ್ತೀರಿ? ಗುದ್ದಿ!”

ಇಬ್ಬರೂ ಸರಿಯಲಿಲ್ಲ. ಮತ್ತೆ ಮೈಯ ಭಾರವನ್ನೆಲ್ಲ ಬಿಟ್ಟು ತಳ್ಳಿದರು. ಆಗ ದೊಡ್ಡೀರನ ಮುಂಗಾಲು ಮಡಚಿಕೊಂಡಿತು. ಕರಿಬಂಡೆಗೆ ನಿಲ್ಲಲಾಗಲಿಲ್ಲ. ಅವನ ಕೊಂಬು ದೊಡ್ಡೀರನ ಕುತ್ತಿಗೆಯೊಳಗೆ ಇಳಿಯಿತು. ದೊಡ್ಡೀರ ಕುಸಿದ. ಅವನ ಅಷ್ಟೂ ತೂಕ ಕರಿಬಂಡೆಯ ಮುಂಗಾಲಿನ ಮೇಲೆ ಬಿತ್ತು. ಒಣ ಬಿದಿರು ಮುರಿದಂತೆ ಸದ್ದಾಯಿತು.

ಯಾರೂ ಕೂಗಲಿಲ್ಲ. ಜಿಂಕೆಗಳು ಮೊದಲು ಹೋದವು. ಆಮೇಲೆ ಮುಸಿಯಗಳು. ನೋಡುತ್ತ ನೋಡುತ್ತ ಬಯಲು ಖಾಲಿಯಾಯಿತು. ಕೆಂಚವ್ವ ಬಂದು ಗಂಡನ ಮುಖ ನೆಕ್ಕಿದಳು. ದೊಡ್ಡೀರ ಅವಳನ್ನು ನೋಡಿದ. ಏನೋ ಹೇಳಲು ಬಾಯಿ ತೆರೆದ. ಉಸಿರು ನಿಂತಿತು.

ಗೂನ ಪೊದೆಯಿಂದ ಹೊರಗೆ ಬಂದ. “ಅಯ್ಯೋ, ಹೀಗಾಗಬಾರದಿತ್ತು” ಎನ್ನುತ್ತ ತುಟಿ ಸವರಿಕೊಂಡ. ಹಸುಗಳು ಅತ್ತ ಹೋಗಲಿ ಎಂದು ಕಾಯುತ್ತ ಕುಳಿತ.

ಆದರೆ ರಕ್ತದ ವಾಸನೆ ಗುಡ್ಡ ಹತ್ತಿತ್ತು. ಸೀಳುನಾಯಿಗಳು ಕೆಳಗೆ ಇಣುಕಿ ನೋಡಿದವು. ಕಾಯುವವರಲ್ಲಿ ಒಬ್ಬ ಸತ್ತಿದ್ದ. ಇನ್ನೊಬ್ಬ ಮೂರು ಕಾಲಿನಲ್ಲಿ ನಿಂತಿದ್ದ. ಅವು ಸಿಳ್ಳೆ ಹಾಕುತ್ತ ಹಿಂಡುಹಿಂಡಾಗಿ ಇಳಿದವು. ಮೊದಲು ಎಳೆಯ ಕರುಗಳನ್ನು ಹಿಡಿದವು. ಕರಿಬಂಡೆ ಕುಂಟುತ್ತ ಅತ್ತ ಓಡಿದ, ಇತ್ತ ಓಡಿದ. ಯಾವ ಕಡೆಗೂ ಹೊತ್ತಿಗೆ ಸರಿಯಾಗಿ ಮುಟ್ಟಲಿಲ್ಲ. ಕರುಗಳ ಕೂಗು ಒಂದೊಂದಾಗಿ ನಿಂತಿತು.

ನಾಯಿಗಳು ದೊಡ್ಡೀರನ ಹೆಣದ ಹತ್ತಿರ ಬಂದಾಗ ಗೂನ ಹಲ್ಲು ಕಿರಿದು ಅಡ್ಡ ನಿಂತ. “ಇದು ನನ್ನದು! ಈ ಕಾಳಗ ಮಾಡಿಸಿದ್ದು ನಾನು!”

“ಓಹೋ, ಕಾಳಗ ನಿನ್ನದಾ?” ಎಂದ ನಾಯಿಗಳ ಮುಖಂಡ. “ಹಾಗಾದರೆ ನೀನೂ ಸ್ವಲ್ಪ ಕಾದಾಡು.”

ಎಲ್ಲ ಒಟ್ಟಿಗೆ ಮೇಲೆ ಬಿದ್ದವು. ಗೂನನ ತೊಡೆ ಹರಿಯಿತು. ಅವನು ತೆವಳಿಕೊಂಡು ಬಯಲಂಚಿನಲ್ಲಿ ಮುಸಿಯಗಳು ಅಡಗಿದ್ದ ಮರದ ಕೆಳಗೆ ಬಂದು “ಕಾಪಾಡಿ” ಎಂದ. ಅವು ಎಲೆಗಳ ಮರೆಗೆ ಸರಿದವು. ಒಂದು ತುಣುಕು ಮಾಂಸವೂ ಬಾಯಿಗೆ ಸಿಗದೆ, ಮಾಂಸದ ವಾಸನೆಯನ್ನಷ್ಟೇ ಮೂಸುತ್ತ ಗೂನ ಅಲ್ಲಿಯೇ ಸತ್ತ. ಅವನಿಗೆ ತಕ್ಕ ಶಾಸ್ತಿಯಾಯಿತು. ಆದರೆ ಅದರಿಂದ ಹೋದ ಕರುಗಳು ತಿರುಗಿ ಬರಲಿಲ್ಲ.

ಮರುದಿನ ಉಳಿದ ಹಸುಗಳು ಆ ಕಾಡು ಬಿಟ್ಟು ಹೊರಟವು. ಮುಂದೆ ಕೆಂಚವ್ವ ಇದ್ದಳು. ಕರಿಬಂಡೆ ದಾರಿಯಲ್ಲಿ ನಿಂತಿದ್ದ.

“ತಾಯಿ, ನನ್ನನ್ನೂ ಕರೆದುಕೊಂಡು ಹೋಗು” ಎಂದ.

ಕೆಂಚವ್ವ ಅವನನ್ನು ಬಹಳ ಹೊತ್ತು ನೋಡಿದಳು. “ಬಾ” ಎಂದಳು. “ನಿನ್ನ ಮೇಲೆ ಸಿಟ್ಟು ಮಾಡುವುದಕ್ಕೂ ನನ್ನಲ್ಲಿ ಶಕ್ತಿಯಿಲ್ಲ.”

ಕರಿಬಂಡೆ ಹೆಜ್ಜೆ ಕಿತ್ತಿಟ್ಟ. ಬಿದ್ದ. ಎದ್ದ. ಮತ್ತೆ ಬಿದ್ದ. ಕೆಂಚವ್ವ ಬಿಸಿಲು ನೆತ್ತಿಗೆ ಬರುವ ತನಕ ಕಾದಳು. ಹಿಂದೆ ನಿಂತಿದ್ದ ಹಸುಗಳಿಗೆ ಬಾಯಾರಿತ್ತು. ನೀರು ಇನ್ನೂ ದೂರವಿತ್ತು.

“ನೀನು ಹೋಗು ತಾಯಿ” ಎಂದ ಕರಿಬಂಡೆ.

ಅವಳು ಹೋದಳು.

ನೀತಿ: ಅನ್ಯರ ಕಾಳಗ ನೋಡಬಯಸುವವರ ಮಾತಿಗೆ ಮರುಳಾಗಿ ಮುಗಿದ ಜಗಳವನ್ನು ಕೆದಕಬಾರದು, ಕೆದಕಿಸಿದವನೂ ಉಳಿಯುವುದಿಲ್ಲ, ಗೆದ್ದವನೂ ಉಳಿಯುವುದಿಲ್ಲ.